ಗುಳಿಗೆ ಜೊತೆ ಬ್ಯಾಚ್ ನಂಬರೂ ಕೊಡಲಿ

ಸಂಪಾದಕರಿಗೆ,

ಮಾನ್ಯರೇ,

ಗುಣಮಟ್ಟ ಇಲ್ಲದ ಔಷಧಿಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಹೊರಡಿಸುತ್ತದೆ. ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. 2024ರ ನವೆಂಬರ್‌ನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತು, ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದಾಗಿನಿಂದ ನಾನಂತೂ ಈ ಸುದ್ದಿ ಬಿಡದೆ ಓದುತ್ತೇನೆ. ಪಟ್ಟಿಯಲ್ಲಿ ಔಷಧಿಯ ಹೆಸರಿನ ಜೊತೆ ಬ್ಯಾಚ್ ನಂಬರ್, ಅಂದರೆ ಒಂದೇ ಸಲಕ್ಕೆ ತಯಾರಾದ ಔಷಧಿಗಳ ಗುಂಪಿನ ನಂಬರ್ ಇರುತ್ತದೆ. ಕೆಟ್ಟಿರೋದು ಆ ಬ್ಯಾಚು. ಅದೇ ಕಂಪನಿಯ ಅದೇ ಗುಳಿಗೆ ಬೇರೆ ಬ್ಯಾಚಿನದಾದರೆ ಸರಿಯೇ ಇರಬಹುದು. ಆದರೆ ತಾವು ನುಂಗುವ ಗುಳಿಗೆಯ ಬ್ಯಾಚ್ ನಂಬರ್ ನಮ್ಮ ರಾಯಚೂರು ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ಗೊತ್ತಾಗೋದಾದರೂ ಹೇಗೆ? ಮೆಡಿಕಲ್ ಶಾಪಿನಲ್ಲಿ ನಾಲ್ಕು ಗುಳಿಗೆ ಕೇಳಿದರೆ ಕತ್ತರಿ ತೆಗೆದು ಸ್ಟ್ರಿಪ್ ಕತ್ತರಿಸುತ್ತಾರೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಸಾಮಾನ್ಯವಾಗಿ ಒಂದು ತುದಿಯಲ್ಲಿ ಒತ್ತಿರುತ್ತದೆ. ಆ ತುದಿ ಅಂಗಡಿಯಲ್ಲೇ ಉಳಿಯುತ್ತದೆ, ನಮಗೆ ಖಾಲಿ ತುದಿ. ಅದನ್ನು ಸಣ್ಣ ಕಾಗದದ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ಎರಡು ಗೀಟು ಎಳೆದು ಕೊಡುತ್ತಾರೆ. ದಿನಕ್ಕೆ ಎರಡು ಸಲ ಅಂತ ಅರ್ಥ. ಔಷಧಿಯ ಹೆಸರೂ ಪೂರ್ತಿ ಕಾಣುವುದಿಲ್ಲ. ನಾಲ್ಕೇ ಗುಳಿಗೆ ಬೇಕು ಅನ್ನುವವರಿಗೆ ಪೂರ್ತಿ ಸ್ಟ್ರಿಪ್ ತಗೊಳ್ಳಿ ಅನ್ನೋದು ನ್ಯಾಯವಲ್ಲ, ಕತ್ತರಿಸಿ ಕೊಡಲಿ. ಆದರೆ ಬ್ಯಾಚ್ ನಂಬರ್ ಇರುವ ಬಿಲ್ಲನ್ನಾದರೂ ಕೊಡಬೇಕಲ್ವಾ? ಡಾಕ್ಟರ್ ಚೀಟಿ ಮೇಲೆ ಮಾರುವ ಔಷಧಿಗೆ ಬಿಲ್ ಕೊಡಲೇಬೇಕು. ನಮ್ಮ ಊರಿನಲ್ಲಿ ಬಿಲ್ ಕೇಳಿದರೆ ಸಿಗುವ ಉತ್ತರ, "ನೂರು ರೂಪಾಯಿಗೆ ಎಂಥಾ ಬಿಲ್ ರೀ, ಏನೂ ಆಗಂಗಿಲ್ಲ ತಗೋರಿ."

ಫ್ಯಾಕ್ಟರಿಯಿಂದ ಸರಿಯಾಗಿ ಬಂದ ಔಷಧಿಯೂ ಅಂಗಡಿಯಲ್ಲಿ ಕೆಡುತ್ತದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬಿಸಿಲೇ ಸಾಕು. ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಎಷ್ಟೋ ಗುಳಿಗೆ, ಟಾನಿಕ್ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತದೆ, ಕೆಲವದರ ಮೇಲೆ 25. ಪಶ್ಚಿಮಕ್ಕೆ ಬಾಗಿಲು, ಮೇಲೆ ತಗಡು ಇರುವ ಅಂಗಡಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿಕೊಂಡಿರುವುದನ್ನು ನಾನೇ ನೋಡಿದ್ದೇನೆ.

ಕ್ಯಾಪ್ಸೂಲಾದರೆ ಅಂಟಿದ್ದು ಕಣ್ಣಿಗೆ ಕಾಣುತ್ತದೆ. ಇನ್ಸುಲಿನ್ ಹಾಗಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಯಾದರೆ ಅದರ ಬಲ ಇಳಿಯುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಬಳಸುವ ಹಾಗೇ ಇಲ್ಲ. ಎಷ್ಟೋ ಸಲ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಮ್ಮ ತಾಯಿಗೆ ಇನ್ಸುಲಿನ್ ತರುವ ಅಂಗಡಿಯ ಫ್ರಿಜ್ಜಿನಲ್ಲಿ ತಂಪು ನೀರಿನ ಬಾಟಲಿ, ಹಾಲಿನ ಪಾಕೀಟು, ಅವುಗಳ ಹಿಂದೆ ಐಸ್ ಕಟ್ಟಿದ ಗೋಡೆಗೆ ತಾಗಿಕೊಂಡು ಇನ್ಸುಲಿನ್ ಡಬ್ಬಿ. ಗಿರಾಕಿಗಳು ನೀರು ಕೇಳಿದಾಗೆಲ್ಲ ಬಾಗಿಲು ತೆರೆಯುತ್ತದೆ. ಥರ್ಮಾಮೀಟರ್ ಇಲ್ಲ. ಶಕ್ತಿನಗರದಲ್ಲಿ ಕರೆಂಟ್ ಹುಟ್ಟಿಸುವ ಜಿಲ್ಲೆ ನಮ್ಮದು, ಆದರೂ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ ಹೋಗುವವರೂ ಇದ್ದಾರೆ. ಇಂಥ ಇನ್ಸುಲಿನ್ ತಗೊಂಡವರ ಸಕ್ಕರೆ ಇಳಿಯುವುದಿಲ್ಲ. ಡಾಕ್ಟರ್ ಡೋಸ್ ಜಾಸ್ತಿ ಮಾಡುತ್ತಾರೆ. ಮನೆಯವರು "ಅನ್ನ ಬಿಟ್ಟಿಲ್ಲ, ಕದ್ದು ಸಿಹಿ ತಿಂತಾಳ" ಅಂತ ಮುದುಕಿಯನ್ನೇ ಬೈಯುತ್ತಾರೆ. ಮುಂದಿನ ಸಲ ಬೇರೆ ಅಂಗಡಿಯಿಂದ ಒಳ್ಳೆಯ ಇನ್ಸುಲಿನ್ ಬಂದರೆ ಹೆಚ್ಚಿಸಿದ ಡೋಸಿಗೆ ಸಕ್ಕರೆ ಪಾತಾಳಕ್ಕೆ ಇಳಿಯುವ ಅಪಾಯ ಬೇರೆ.

ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಫಾರ್ಮಸಿಸ್ಟ್. ಚೀಟಿ ನೋಡಿ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ ಅಂತ 1948ರ ಫಾರ್ಮಸಿ ಕಾಯ್ದೆಯೇ ಹೇಳುತ್ತದೆ. ಎಷ್ಟೋ ಕಡೆ ಅವರ ಸರ್ಟಿಫಿಕೇಟು ಗೋಡೆ ಮೇಲೆ, ಅವರು ಬೇರೆ ಊರಲ್ಲಿ, ಕೌಂಟರಿನಲ್ಲಿ ಪಿಯುಸಿ ಹುಡುಗ. ನೆಗಡಿ ಅಂದರೆ ಆ ಹುಡುಗ ಸೆಫಿಕ್ಸಿಮ್ ಅನ್ನುವ ಆಂಟಿಬಯೋಟಿಕ್ ಮೂರು ಗುಳಿಗೆ ಕತ್ತರಿಸಿ ಕೊಡುತ್ತಾನೆ. ಅದು 2014ರಿಂದ ಜಾರಿಯಲ್ಲಿರುವ, ಹೆಚ್ಚು ಬಿಗಿ ನಿಯಮದ ಎಚ್1 ಪಟ್ಟಿಯ ಔಷಧಿ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಚೀಟಿ ನೋಡಿ ಕೊಟ್ಟರೂ ಡಾಕ್ಟರ ಹೆಸರು, ರೋಗಿಯ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ಎಲ್ಲ ಅಂಗಡಿಯೂ ಹೀಗೇ ಅಂತಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೂ ಎದ್ದು ಔಷಧಿ ಕೊಡುವವರು ನಮ್ಮಲ್ಲಿದ್ದಾರೆ. ಹಳ್ಳಿ ಜನಕ್ಕೆ ಎಷ್ಟೋ ಸಲ ಮೆಡಿಕಲ್ ಶಾಪೇ ಆಸ್ಪತ್ರೆ. ಅಂಗಡಿ ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ. ಫ್ರಿಜ್ಜಿಗೆ ಒಂದು ಥರ್ಮಾಮೀಟರ್, ಕರೆಂಟ್ ಹೋದರೆ ಒಂದು ಇನ್ವರ್ಟರ್, ಔಷಧಿಗೆ ಬೇರೆ ಫ್ರಿಜ್. ಚಿಕ್ಕ ಅಂಗಡಿಗೆ ಇದೂ ಖರ್ಚೇ, ಒಪ್ಪುತ್ತೇನೆ. ಆದರೆ ಬಿಲ್ಲಿನ ಮೇಲೆ ಬ್ಯಾಚ್ ನಂಬರ್ ಬರೆಯಲು ಪೆನ್ನು ಸಾಕು.

ಔಷಧ ನಿಯಂತ್ರಣ ಇಲಾಖೆಗೆ ಒಂದು ಮನವಿ. ತಪಾಸಣೆಗೆ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬಂದು ಲೈಸೆನ್ಸ್ ನೋಡಿ ಹೋದರೆ ಇದ್ಯಾವುದೂ ಕಾಣುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬನ್ನಿ, ಥರ್ಮಾಮೀಟರ್ ತನ್ನಿ. ಸಿಂಧನೂರು, ಮಾನ್ವಿ, ದೇವದುರ್ಗ, ಲಿಂಗಸುಗೂರಿನ ಒಳಗಲ್ಲಿಗಳ ಅಂಗಡಿಗಳಿಗೂ ಹೋಗಿ. ಪತ್ರಿಕೆಯವರೂ ಗುಣಮಟ್ಟ ಇಲ್ಲದ ಔಷಧಿಗಳ ಸುದ್ದಿ ಹಾಕುವಾಗ ಹೆಸರಷ್ಟೇ ಕೊಡದೆ, ಬ್ಯಾಚ್ ನಂಬರನ್ನೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು.

ಇಂತಿ,
ಒಬ್ಬ ಓದುಗ
ಸಿಂಧನೂರು, ರಾಯಚೂರು ಜಿಲ್ಲೆ