ಸೈಟಿನ ದರ ಕೇಳಿದ ಗೆಳೆಯನಿಗೆ

ಪ್ರಿಯ ಯಜಮಾನರೇ,

ಫೋನಿನಲ್ಲಿ ಹೇಳಿದ್ದರೆ ಎರಡನೆಯ ವಾಕ್ಯಕ್ಕೇ ನೀನು ಬಾಯಿ ಹಾಕುತ್ತಿದ್ದೆ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಜನರೆದುರು ನೀನು ಸಭ್ಯನಾಗಿರುತ್ತೀ ಎಂಬುದು ಹಾಸ್ಟೆಲಿನ ಮೆಸ್ಸಿನಲ್ಲೇ ಸಾಬೀತಾಗಿದೆ. ಹೆದರಬೇಡ, ಎರಡನೆಯ ಸೈಕಲ್ಲಿನ ವಿಷಯ ತೆಗೆಯುವುದಿಲ್ಲ. ಓದುತ್ತಿರುವ ಮಹನೀಯರೂ ಅದೇನೆಂದು ಕೇಳಬಾರದು. ಇವನ ಮಾವನವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ವಿಷಯ ಇಷ್ಟು. ಹೋದ ತಿಂಗಳು ಹುಬ್ಬಳ್ಳಿಯ ಮದುವೆಯಲ್ಲಿ ಊಟಕ್ಕೆ ಕುಳಿತಾಗ ನಿನ್ನ ಎಡಗಡೆಯಲ್ಲಿದ್ದವರು, "ಈ ಕಾಲದಲ್ಲಿ ಕವಿತೆ ಗಿವಿತೆ ಯಾರಿಗೆ ಬೇಕು, ಒಂದು ಸೈಟು ಹಿಡಿದು ಹಾಕಿ" ಎಂದರು. ನಾನು ಜಿಲೇಬಿ ಕೈಯಲ್ಲಿ ಹಿಡಿದುಕೊಂಡೇ ಕಾದೆ. ಧಾರವಾಡದಲ್ಲಿ ಓದುವಾಗ ಸಪ್ತಾಪುರದ ಚಹಾದಂಗಡಿಯಲ್ಲಿ ಇದರ ಕಾಲುಭಾಗದ ಮಾತಿಗೆ ಒಬ್ಬ ಮೇಷ್ಟರನ್ನು ಬಿಸಿಲಿನಲ್ಲಿ ನಿಲ್ಲಿಸಿಕೊಂಡು ತರಾಟೆಗೆ ತೆಗೆದುಕೊಂಡವನು ನೀನು. ಆದರೆ ನೀನು ಅನ್ನಕ್ಕೆ ಸಾರು ಕಲಸಿಕೊಳ್ಳುತ್ತ, "ಹೌದು, ನವನಗರದ ಕಡೆ ಈಗ ದರ ಎಷ್ಟಿದೆ?" ಎಂದೆ.

ಅಷ್ಟೇ. ಅಪರಾಧವೇನಲ್ಲ. ಐವತ್ತು ದಾಟಿದ ಯಾರೂ ಕೇಳುವ ಪ್ರಶ್ನೆ. ಆದರೆ ಅಂದು ಸಂಜೆ ಹತ್ತಿದ ಬಸ್ಸು ಶಿರಸಿ ದಾಟಿ ಸಾಗರಕ್ಕೆ ಬರುವವರೆಗೂ ನನಗೆ ಕಣ್ಣು ಹತ್ತಲಿಲ್ಲ.

ಏಕೆಂದರೆ 2006ರಲ್ಲಿ ಶಿವಮೊಗ್ಗದಲ್ಲಿ ಒಂದು ಸೈಟು ನನಗೆ ಬರುವುದರಲ್ಲಿತ್ತು. ಮುಂಗಡದ ಹಣವೂ ಕೈಯಲ್ಲಿತ್ತು. ನೀನು ನಗುತ್ತೀ ಎಂದು ಬಿಟ್ಟುಬಿಟ್ಟೆ. ನಿನ್ನನ್ನು ಕೇಳಿರಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ನೀನು ನನ್ನೊಳಗೇ ಇದ್ದೆ. ಅಂಗಿ ಆರಿಸುವಾಗ, ಯಾರದೋ ಭಾಷಣಕ್ಕೆ ಚಪ್ಪಾಳೆ ತಟ್ಟುವಾಗ, ಮಗಳಿಗೆ ಹೆಸರಿಡುವಾಗ ಕೂಡ, ನೀನು ಹುಬ್ಬು ಗಂಟಿಕ್ಕುತ್ತೀಯೋ ಇಲ್ಲವೋ ಎಂದು ನೋಡಿಕೊಂಡೇ ಮುಂದೆ ಹೋಗಿದ್ದೇನೆ. ಮನೆಯವಳಿಗೆ ಇದು ಎಂದೋ ಗೊತ್ತಾಗಿದೆ. ಜಗಳದ ನಡುವೆ, "ಇದು ನಿಮ್ಮ ಮಾತಲ್ಲ, ಅವರದು. ನಿಮ್ಮದೇನಿದೆ ಹೇಳಿ" ಎನ್ನುತ್ತಾಳೆ. ನಾನು ಹುಡುಕುತ್ತೇನೆ. ಹುಡುಕುವಷ್ಟರಲ್ಲಿ ಜಗಳ ಮುಗಿದಿರುತ್ತದೆ. ವಾದಕ್ಕೆ ಇಳಿಯುವ ಮೊದಲು ತೋರುಬೆರಳಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಿದ್ದೆಯಲ್ಲ, ಈಗ ನನ್ನ ಮಗಳು ಕುಟ್ಟುತ್ತಾಳೆ. ಅವಳು ನಿನ್ನನ್ನು ಸರಿಯಾಗಿ ನೋಡಿಯೂ ಇಲ್ಲ.

ಎಂ.ಎ. ತರಗತಿಯಲ್ಲಿ ಚಾರ್ಲ್ಸ್ ಕೂಲಿಯ ಪಾಠ ನೆನಪಿದೆಯೇ? ಅಮೆರಿಕದ ಸಮಾಜಶಾಸ್ತ್ರಜ್ಞನಿಗೆ ಆ ಹೆಸರು ಹೇಗೆ ಬಂದಿರಬಹುದೆಂದು ಹಿಂದಿನ ಬೆಂಚಿನಲ್ಲಿ ನಾವು ನಡೆಸಿದ ಸಂಶೋಧನೆ ಇಲ್ಲಿ ಬೇಡ. ಪುಣ್ಯಾತ್ಮ 1902ರಲ್ಲೇ ಹೇಳಿಬಿಟ್ಟಿದ್ದ: ಮನುಷ್ಯ ತನ್ನನ್ನು ಕಾಣುವುದು ಇತರರೆಂಬ ಕನ್ನಡಿಯಲ್ಲಿ, ಅವರ ಕಣ್ಣಿಗೆ ಹೇಗೆ ಕಾಣುತ್ತೇನೆ, ಕಂಡು ಅವರು ಏನೆಂದುಕೊಳ್ಳುತ್ತಾರೆ ಎಂದು ಊಹಿಸಿಕೊಂಡು ಹೆಮ್ಮೆಯನ್ನೋ ನಾಚಿಕೆಯನ್ನೋ ಪಡುತ್ತಾನೆ. ಆ ಪ್ರಶ್ನೆಗೆ ನೀನು ನನಗಿಂತ ಹೆಚ್ಚು ಅಂಕ ತೆಗೆದೆ. ನನಗೆ ಅದರ ಮುಖ್ಯ ಭಾಗ ಹೊಳೆದದ್ದು ಈಗ, ಬಸ್ಸಿನಲ್ಲಿ: ಎಲ್ಲವೂ ಊಹೆಯೇ. ಆ ಕನ್ನಡಿಯಲ್ಲಿ ನಿಜವಾದ ನೀನು ಇರಬೇಕಾಗಿಯೇ ಇಲ್ಲ. ನನ್ನೊಳಗೆ ಕುಳಿತು ತೀರ್ಪು ಕೊಡುತ್ತಿರುವವನು ಹರಿದ ಜುಬ್ಬಾದ ಇಪ್ಪತ್ತನಾಲ್ಕರ ಹುಡುಗ. ಅವನಿಗೆ ಮಕ್ಕಳಿಲ್ಲ, ಸಾಲವಿಲ್ಲ, ಸಕ್ಕರೆ ಕಾಯಿಲೆಯಿಲ್ಲ. ಅವನ ಬಾಯಿಗೆ ಹೆದರಿಕೊಂಡು ನಾನು ಅರ್ಧ ಆಯುಷ್ಯ ಕಳೆದೆ. ಆ ಹುಡುಗನ ಸಹವಾಸ ನೀನೇ ಎಂದೋ ಬಿಟ್ಟಿದ್ದೀಯೆ, ನನಗೊಂದು ಮಾತು ತಿಳಿಸಲಿಲ್ಲ.

ಧಾರವಾಡದ ಗಾಳಿಯೇ ಹಾಗೆ ಎನ್ನುತ್ತೀಯೇನೋ. 1920ರ ದಶಕದಲ್ಲಿ ಅಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡ ಬೇಂದ್ರೆ, ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ ಮೊದಲಾದವರೂ ಒಬ್ಬರ ಜೊತೆ ಒಬ್ಬರು ಬೆಳೆದವರೇ. ಆದರೆ ಬೇಂದ್ರೆಯವರನ್ನು ಗುರುವೆಂದೇ ಒಪ್ಪಿಕೊಂಡ ಗೋಕಾಕರು ಬರೆದದ್ದು ಬೇಂದ್ರೆಯವರ ಕಾವ್ಯವನ್ನಲ್ಲ. ಗುರುವಿಗೆ 1973ರಲ್ಲಿ ಬಂದ ಜ್ಞಾನಪೀಠ ಶಿಷ್ಯರಿಗೆ 1990ರಲ್ಲಿ ಬಂದದ್ದು ಅವರದೇ ದುಡಿಮೆಗೆ. ಸಾಧನಕೇರಿಯ ದಂಡೆಯಲ್ಲಿ ಇಬ್ಬರೇ ಕುಳಿತು ನಾವೂ ಒಂದು ಗುಂಪು ಎಂದುಕೊಂಡಿದ್ದೆವು. ಆ ದೊಡ್ಡವರ ನಡುವೆಯೂ ಚಹಾ ತಂದಿಟ್ಟು, ಮೂಲೆಯಲ್ಲಿ ಕುಳಿತು, ಎಲ್ಲದಕ್ಕೂ ತಲೆದೂಗುತ್ತಿದ್ದವನೊಬ್ಬ ಇದ್ದಿರಲೇಬೇಕು. ಅವನಿಗೆ ಕಾವ್ಯನಾಮ ಸಿಗಲಿಲ್ಲ. ನಾನು ಅವನ ವಂಶದವನಿರಬೇಕು.

ಇಲ್ಲಿಯವರೆಗೆ ಬರಬೇಕೆಂದಿರಲಿಲ್ಲ. ಬಂದಾಗಿದೆ, ಇದನ್ನೂ ಹೇಳಿಬಿಡುತ್ತೇನೆ. ನಿನ್ನ ತಲೆಯೊಳಗೆ ನಾನು ಇದ್ದೇನೆಯೇ ಎಂದು ಎಂದೂ ಕೇಳಿದವನಲ್ಲ. ಏನನ್ನಾದರೂ ಮಾಡಹೊರಟಾಗ "ಅವನು ಏನೆನ್ನುತ್ತಾನೋ" ಎಂದು ನಿನಗೆ ಅನ್ನಿಸಿದ್ದುಂಟೇ? ಅಂದು ಸೈಟಿನ ದರ ಕೇಳುವಾಗ ನಾನು ನಿನ್ನ ಬಲಗಡೆಗೇ ಇದ್ದೆ. ಒಂದು ಕ್ಷಣ ಕೂಡ ಈ ಕಡೆ ತಿರುಗಿ ನೋಡಲಿಲ್ಲ ನೀನು. ನಿದ್ದೆ ಕೆಡಿಸಿದ್ದು ಸೈಟಲ್ಲ, ಅದು.

ಸಾಕು. ಮೇಲಿನ ನಾಲ್ಕು ಸಾಲುಗಳನ್ನು ವೈನಿಯವರಿಗೆ ತೋರಿಸಬೇಡ. ಪಾಪ, ಈ ಮನುಷ್ಯನಿಗೆ ಏನೋ ಆಗಿದೆ ಎಂದು ಊಟಕ್ಕೆ ಕರೆದು ಬುದ್ಧಿ ಹೇಳುತ್ತಾರೆ. ಊಟಕ್ಕೆ ಕರೆದರೆ ತೊಂದರೆಯಿಲ್ಲ. ಎಣಗಾಯಿ ಇದ್ದರೆ ಬುದ್ಧಿಮಾತನ್ನೂ ಕೇಳುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ನಿನ್ನ ದೆಸೆಯಿಂದ ಕೈಬಿಟ್ಟ ಮೂವತ್ತು-ನಲವತ್ತರ ಸೈಟಿನ ಇಂದಿನ ಬೆಲೆಯನ್ನು ನಿನ್ನಿಂದ ವಸೂಲಿ ಮಾಡುವುದು ನ್ಯಾಯ. ಒಂದೇ ಕಂತಿನಲ್ಲಿ ಆಗದಿದ್ದರೆ ತಿಂಗಳಿಗೊಂದು ಕಿಲೋ ಲೈನ್ ಬಜಾರಿನ ಪೇಢೆ ಕಳಿಸುತ್ತಿರು, ಬಡ್ಡಿ ಬಿಡುತ್ತೇನೆ. ನಿನಗೆ ಹೇಗೂ ವೈದ್ಯರು ಅದನ್ನು ಬೇಡವೆಂದಿದ್ದಾರೆ. ಬೇಂದ್ರೆಯವರು ತಾಯಿಯ ಹೆಸರು ಸೇರಿಸಿಕೊಂಡು ಅಂಬಿಕಾತನಯದತ್ತರಾದಂತೆ ನಾನು "ಗೆಳೆಯದತ್ತ" ಎಂದು ಸಹಿ ಹಾಕಬಹುದಿತ್ತು. ಆದರೆ ನೀನು ಅದಕ್ಕೂ ಗೌರವಧನ ಕೇಳುವ ಆಸಾಮಿ. ಹಳೆಯ ಹೆಸರೇ ಇರಲಿ.

ಇತಿ ನಿನ್ನ,
ಛತ್ರಿ

ಮರೆತಿದ್ದೆ: ನವನಗರದ ದರ ಎಷ್ಟೆಂದು ಅವರು ಹೇಳಿದ್ದು ಬ್ಯಾಂಡಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ತಿಳಿಸು.