ಸುಂಟಿಕೊಪ್ಪದ ಬಳಿ ನೆರವಾದವರಿಗೆ

ಮಡಿಕೇರಿಯಿಂದ ಕುಶಾಲನಗರದ ಕಡೆಗೆ ಇಳಿಯುವಾಗ, ಸುಂಟಿಕೊಪ್ಪಕ್ಕೆ ಸ್ವಲ್ಪ ಮೊದಲು ಮಳೆಯಲ್ಲಿ ನಿಂತುಹೋದ ನಮ್ಮ ಹಳೆಯ ಕಾರನ್ನು ಕಂಡು, ತಮ್ಮ ಜೀಪನ್ನು ಬದಿಗೆ ಹಾಕಿ ಬಂದ ಆಟೊ ಎಲೆಕ್ಟ್ರಿಷಿಯನ್‌ ಅವರಿಗೆ ಈ ಬರಹದ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್‌ ಆಗಿ ಕೊಂಡ ಆ ಕಾರಿನಲ್ಲಿ ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ಕುಣಿಯುತ್ತಿತ್ತು, ಹೆಡ್‌ಲೈಟ್ ಹಚ್ಚಿದರೆ ವೈಪರ್ ನಿಧಾನವಾಗುತ್ತಿತ್ತು; ಬ್ಯಾಟರಿ ಬದಲಿಸಿದ ಮೇಲೂ ಅದು ಸರಿಹೋಗಿರಲಿಲ್ಲ.

ಅವರು ಮೊದಲು ತಮ್ಮ ಕೊಡೆಯನ್ನು ನನ್ನ ತಾಯಿಯ ಕೈಗೆ ಕೊಟ್ಟರು. ಬಳಿಕ ನನ್ನ ಮಾತನ್ನು ಎಲ್ಲಿಯೂ ತಡೆಯದೆ ಕೇಳಿ (ಮೆಕ್ಯಾನಿಕ್‌ಗಳಲ್ಲಿ ಇದು ಅಪರೂಪ), ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದು ಕೀ ತಿರುಗಿಸಲು ಹೇಳಿದರು. ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕಾದಲ್ಲಿ ಸುಮಾರು 2 ವೋಲ್ಟ್ ತೋರಿಸಿತು. ಅರ್ತ್ ಜೋಡಣೆ (ವಿದ್ಯುತ್ತು ಕಾರಿನ ಲೋಹದ ಮೂಲಕ ಬ್ಯಾಟರಿಗೆ ಹಿಂದಿರುಗುವ ಸಂಪರ್ಕ) ಕೆಟ್ಟಾಗ ವಿದ್ಯುತ್ತು ಬೇರೆ ಉಪಕರಣಗಳ ಮೂಲಕ ಹಿಂದಿರುಗುವ ದಾರಿ ಹುಡುಕುತ್ತದೆ, ಆದ್ದರಿಂದಲೇ ಸಂಬಂಧವಿಲ್ಲದ ದೀಪ, ಮುಳ್ಳುಗಳೂ ವಿಚಿತ್ರವಾಗಿ ವರ್ತಿಸುತ್ತವೆ ಎಂದು ವಿವರಿಸುತ್ತಲೇ, ಎಂಜಿನ್ನನ್ನು ಚಾಸಿಗೆ, ಅಂದರೆ ಕಾರಿನ ಲೋಹದ ಚೌಕಟ್ಟಿಗೆ, ಜೋಡಿಸುವ ತಂತಿ ಹೆಣಿಗೆಯ ಪಟ್ಟಿಯನ್ನು ಬಿಚ್ಚಿದರು. ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಅದನ್ನು ಮರಳುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು.

ಕಾರು ಕೂಡಲೇ ಚಾಲೂ ಆದಾಗ ನನ್ನ ಎದೆಯ ಭಾರ ಇಳಿಯಿತು. ಆದರೆ ಅವರಿಗೆ ಅಷ್ಟು ಸಾಲಲಿಲ್ಲ. ಎಲ್ಲ ದೀಪಗಳನ್ನೂ ಹಚ್ಚಿಸಿ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿದೆಯೆಂದು ಮೀಟರನ್ನು ನನ್ನತ್ತ ತಿರುಗಿಸಿ ತೋರಿಸಿದರು. ಹಣ ಬೇಡವೆಂದರು, ಬಹಳ ಒತ್ತಾಯಿಸಿದ ಮೇಲೆ ಮರಳುಕಾಗದದ ಬೆಲೆಯೆಂದು 20 ರೂಪಾಯಿ ಮಾತ್ರ ತೆಗೆದುಕೊಂಡು, ಹೆಸರು ಕೇಳುವ ಮೊದಲೇ ಹೊರಟುಹೋದರು.