ಮಾತ್ರೆ ನೆನಪಿಸುವ ಫೋನು ರೋಗಿಯ ಮಾತನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ದೀರ್ಘಕಾಲದ ಕಾಯಿಲೆಗಳಿಗೆ ಬರೆದುಕೊಟ್ಟ ಔಷಧಿಯನ್ನು ವೈದ್ಯರು ಹೇಳಿದಂತೆಯೇ ಸೇವಿಸುವವರು ಅಭಿವೃದ್ಧಿ ಹೊಂದಿದ ದೇಶಗಳಲ್ಲಿಯೂ ಸರಾಸರಿ ಶೇ 50ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ಹೇಳಿತ್ತು. ಮೊಬೈಲ್ ಆ್ಯಪ್, ಎಸ್ಸೆಮ್ಮೆಸ್, ಮುಚ್ಚಳ ತೆರೆದ ಹೊತ್ತನ್ನು ದಾಖಲಿಸುವ ಮಾತ್ರೆ ಡಬ್ಬಿ ಮುಂತಾದವು ಈ ಕೊರತೆಯನ್ನು ನೀಗಿಸುತ್ತವೆ ಎಂಬ ಭರವಸೆ ಈಗ ಕೇಳಿಬರುತ್ತಿದೆ. ಅದು ಹುಸಿ ಭರವಸೆಯೆಂದು ನಾನು ಹೇಳಲಾರೆ. ಆದರೆ ಇವುಗಳಲ್ಲಿ ಬಹುಪಾಲು, ರೋಗಿ ಮರೆತಿದ್ದಾನೆ ಎಂಬ ಒಂದೇ ಊಹೆಯ ಮೇಲೆ ನಿಂತಿರುವುದು ಚಿಂತೆಯ ವಿಷಯ.

ರಕ್ತದೊತ್ತಡ ಇರುವ ಅನೇಕರಿಗೆ ಯಾವ ತೊಂದರೆಯೂ ಕಾಣಿಸದ ಕಾರಣ ಮಾತ್ರೆಯೇ ಅನಗತ್ಯವೆನಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಪ್ರಯಾಣದ ದಿನ ಬೇಕೆಂದೇ ಬಿಡುವವರಿದ್ದಾರೆ. ತಲೆಸುತ್ತಿಗೆ ಹೆದರಿ ನಿಲ್ಲಿಸಿದವರೂ, ದುಡ್ಡು ಸಾಲದೆ ದಿನ ಬಿಟ್ಟು ದಿನ ನುಂಗುವವರೂ ಇದ್ದಾರೆ. ಇಂಥವರ ಫೋನು ಹೊತ್ತುಹೊತ್ತಿಗೆ ಸದ್ದು ಮಾಡಿದರೆ ಅವರು ಆ ಸದ್ದನ್ನು ನಿಲ್ಲಿಸುತ್ತಾರೆ, ಅಷ್ಟೇ.

ಕೆನ್ಯಾದಲ್ಲಿ ಎಚ್‌ಐವಿ ಸೋಂಕಿತರ ನಡುವೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ದಾರಿ ಹಿಡಿದಿತ್ತು. ವಾರಕ್ಕೊಮ್ಮೆ ಕ್ಲಿನಿಕ್‌ನಿಂದ ಕ್ಷೇಮ ವಿಚಾರಿಸುವ ಪುಟ್ಟ ಸಂದೇಶ ಹೋಗುತ್ತಿತ್ತು. ಅದರಲ್ಲಿ ಮಾತ್ರೆಯ ಪ್ರಸ್ತಾಪವೇ ಇರಲಿಲ್ಲ. 48 ಗಂಟೆಗಳೊಳಗೆ ಉತ್ತರಿಸಬೇಕಿತ್ತು, ತೊಂದರೆಯಿದೆ ಎಂದವರಿಗೂ ಉತ್ತರಿಸದವರಿಗೂ ಕ್ಲಿನಿಕ್‌ನ ಸಿಬ್ಬಂದಿ ಕರೆ ಮಾಡುತ್ತಿದ್ದರು. ಸಂದೇಶ ಪಡೆಯದವರಿಗಿಂತ ಇವರು ಔಷಧಿಯನ್ನು ಹೆಚ್ಚು ಕ್ರಮವಾಗಿ ಸೇವಿಸಿದರು, ವೈರಸ್ ಕೂಡ ಹೆಚ್ಚು ಜನರಲ್ಲಿ ಹತೋಟಿಗೆ ಬಂತು. ಅಲ್ಲಿ ಬಳಕೆಯಾದದ್ದು ಸಾಧಾರಣ ಎಸ್ಸೆಮ್ಮೆಸ್. ಫಲ ಕೊಟ್ಟದ್ದು, ನನ್ನ ತಿಳಿವಳಿಕೆಯಂತೆ, ಅದರ ಹಿಂದೆ ಕಿವಿಗೊಡುವ ಮನುಷ್ಯರಿದ್ದದ್ದು.

ಇದಕ್ಕೆ ವ್ಯತಿರಿಕ್ತವಾಗಿ, ಹೊಟ್ಟೆ ಸೇರಿದ ಮೇಲೆ ಮೈಗೆ ಅಂಟಿಸಿದ ಪಟ್ಟಿಗೆ ಸಂಕೇತ ಕಳಿಸುವ ಸೆನ್ಸರ್ ಇರುವ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಅನುಮತಿ ನೀಡಿತು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಿಗೂ ಉದ್ದೇಶಿಸಿದ್ದ ಈ ಮಾತ್ರೆಯಿಂದ ಔಷಧ ಸೇವನೆ ಸುಧಾರಿಸುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಅದೇ ಸಂಸ್ಥೆ ಸ್ಪಷ್ಟಪಡಿಸಿತ್ತು. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಯವೇ ಕಾಯಿಲೆಯ ಭಾಗವಾಗಿರುವವರಿಗೆ ಇಂಥ ಸಾಧನ ಎಷ್ಟು ನೆಮ್ಮದಿ ತಂದೀತು?

ಆದ್ದರಿಂದ, ಇಂಥ ವ್ಯವಸ್ಥೆಯನ್ನು ಕೊಳ್ಳಲು ಹೊರಟ ಆಸ್ಪತ್ರೆಗಳು, ತಪ್ಪಿದ ಮಾತ್ರೆಯ ಮಾಹಿತಿಯನ್ನು ಯಾರು ಓದುತ್ತಾರೆ, ಎಷ್ಟು ಹೊತ್ತಿನೊಳಗೆ ರೋಗಿಗೆ ಕರೆ ಮಾಡುತ್ತಾರೆ ಎಂಬುದನ್ನು ಮೊದಲೇ ಗೊತ್ತುಪಡಿಸಿ, ಆ ದಾದಿಯರ ಅಥವಾ ಫಾರ್ಮಸಿಸ್ಟರ ಸಂಬಳವನ್ನೂ ಯೋಜನೆಯ ವೆಚ್ಚದಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ರೋಗಿಯ ಒಪ್ಪಿಗೆಯಿಲ್ಲದೆ ಆ ಮಾಹಿತಿ ವಿಮಾ ಕಂಪನಿಗಾಗಲಿ ಉದ್ಯೋಗದಾತರಿಗಾಗಲಿ ತಲುಪಕೂಡದು.

ಇತಿ,
ತಮ್ಮ ಪತ್ರಿಕೆಯ ಓದುಗ